‘ಧರ್ಮಶಾಲೆಯ ತಾಯಂದಿರು’ ಲೇಖನದ ಕುರಿತು

ಮಾನ್ಯರೇ,

ಮಗನ ರಕ್ತ ಕ್ಯಾನ್ಸರಿನ ಚಿಕಿತ್ಸೆಗಾಗಿ ಬೆಂಗಳೂರಿನ ಧರ್ಮಶಾಲೆಯೊಂದರಲ್ಲಿ ತಂಗಿದ್ದಾಗ ಅಲ್ಲಿನ ತಾಯಂದಿರು ನಿಮಗೆ ಆಸರೆಯಾದ ಬಗೆಯನ್ನು ಕುರಿತ ಲೇಖನವನ್ನು ಎರಡು ಸಲ ಓದಿದೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ತಿದ್ದಿ ಮರಳಿ ಕಳುಹಿಸಬೇಕೆಂದು ಮನಃಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.

‘ಅವರು ಧೈರ್ಯ ತುಂಬಿದರು’ ಎಂದು ಏಳು ಕಡೆ ಬರೆದಿದ್ದೀರಿ. ಏನು ಹೇಳಿ ತುಂಬಿದರು ಎಂಬುದು ನಾಲ್ಕನೆಯ ಪುಟದಲ್ಲಿ ಮಾತ್ರ ಇದೆ. ಮೊದಲ ತಿಂಗಳ ಚಿಕಿತ್ಸೆ ಮುಗಿದು, ಮೂಳೆಮಜ್ಜೆಯ ಪರೀಕ್ಷೆಯಲ್ಲಿ ರೋಗ ಕಾಣದಿದ್ದಾಗ ನೀವು ಊರಿಗೆ ಹೊರಡಲು ಚೀಲ ಕಟ್ಟಿದ್ದಿರಿ. ಪಕ್ಕದ ಚಾಪೆಯ ರಾಯಚೂರು ಕಡೆಯ ತಾಯಿ, ‘ಈಗ ಬಿಟ್ಟು ಹೋದ್ರ ಜಡ್ಡು ತಿರುಗಿ ಬರ್ತದ ತಂಗಿ, ಇನ್ನಾ ಎರಡು ವರ್ಷ ಅದ’ ಎಂದು ತಡೆದರು. ಲೇಖನ ಇಲ್ಲಿಂದಲೇ ಆರಂಭವಾಗಬೇಕು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಎ.ಎಲ್.ಎಲ್. (ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೀಮಿಯಾ) ಬಗೆಯ ರಕ್ತ ಕ್ಯಾನ್ಸರಿಗೆ 2ರಿಂದ 3 ವರ್ಷ ಚಿಕಿತ್ಸೆ ಬೇಕು. ಮಗು ಆಡತೊಡಗಿದ್ದನ್ನು ಕಂಡು, ಸಾಲಕ್ಕೆ ಹೆದರಿ, ಊರಿನಲ್ಲಿ ಬಿಟ್ಟು ಬಂದ ಇನ್ನೊಂದು ಮಗುವನ್ನು ನೆನೆದು ನಡುವೆಯೇ ಹೊರಟುಹೋಗುವ ಕುಟುಂಬಗಳು ನಮ್ಮಲ್ಲಿ ಕಡಿಮೆಯಿಲ್ಲ. ಚಿಕಿತ್ಸೆಯನ್ನು ನಡುವೆ ಬಿಡಬಾರದೆಂದು ವೈದ್ಯರೂ ನಿಮಗೆ ಹೇಳಿದ್ದರು. ಆಗ ಮನಸ್ಸಿಗೆ ಇಳಿಯದ ಮಾತು, ಕೂದಲು ಮತ್ತೆ ಚಿಗುರುತ್ತಿದ್ದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಆ ತಾಯಿ ಹೇಳಿದಾಗ ಏಕೆ ಇಳಿಯಿತು ಎಂಬುದನ್ನು ನೀವೇ ಬರೆಯಬಲ್ಲಿರಿ.

ಕೌಂಟ್ (ರಕ್ತದ ಬಿಳಿಕಣಗಳ ಸಂಖ್ಯೆ) ಇಳಿದಿರುವಾಗ ಜ್ವರ ಬಂದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಓಡಬೇಕೆಂದು ಕಲಿಸಿದವರನ್ನೂ, ಪ್ಲೇಟ್‌ಲೆಟ್ ಏರಲೆಂದು ಎಲೆಯ ರಸ ಕುಡಿಸಲು ಹೇಳಿದವರನ್ನೂ ನೀವು ಒಂದೇ ಉಸಿರಿನಲ್ಲಿ ಕೊಂಡಾಡಿದ್ದೀರಿ. ಇದನ್ನು ಒಪ್ಪಲಾರೆ. ಕೀಮೋ ಔಷಧಿಗಳಿಂದ ಮೊದಲೇ ಬಳಲಿರುವ ಮಗುವಿಗೆ ವೈದ್ಯರನ್ನು ಕೇಳದೆ ಏನನ್ನೂ ಕುಡಿಸುವುದು ಅಪಾಯಕರ. ಮುದ್ರಿತವಾದ ಮಾತನ್ನು ಇನ್ನೊಬ್ಬ ತಾಯಿ ಪಾಲಿಸುತ್ತಾರೆ.

ರಾಯಚೂರು ಕಡೆಯ ಆ ತಾಯಿಯ ಮಗಳ ಹೆಸರು, ಊರು, ಭಾವಚಿತ್ರಗಳನ್ನು ದಯವಿಟ್ಟು ತೆಗೆಯಿರಿ. ತಾಯಿ ಒಪ್ಪಿರಬಹುದು, ಆದರೆ ನಾಳೆ ಶಾಲೆಗೆ ಮರಳಬೇಕಾದವಳು ಆ ಮಗು.

ಕೊನೆಯದಾಗಿ, ಮಗುವನ್ನು ಕಳೆದುಕೊಂಡ ಒಬ್ಬ ತಾಯಿ ತಮ್ಮ ಕುಕ್ಕರನ್ನು ನಿಮಗೆ ಕೊಟ್ಟು ಹೋದರೆಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಆಮೇಲೆ ನಿಮ್ಮಲ್ಲಿ ಯಾರಾದರೂ ಅವರಿಗೆ ಫೋನ್ ಮಾಡಿದಿರಾ? ಮಾಡಿರದಿದ್ದರೆ, ಏಕೆ ಆಗಲಿಲ್ಲವೆಂಬುದನ್ನೂ ಬರೆದು ಕಳುಹಿಸಿ.

ಇತಿ,
ಸಂಪಾದಕ