ಬೀದಿಗೆ ಬಂದ ಬಣ್ಣದ ಪ್ರಾಣಿಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹಸು, ಆನೆ, ಕರಡಿಗಳ ಆಳೆತ್ತರದ ಪ್ರತಿಮೆಗಳಿಗೆ ಬಣ್ಣ ಬಳಿದು ನಗರದ ಉದ್ದಗಲಕ್ಕೂ ನಿಲ್ಲಿಸುವ ಪ್ರದರ್ಶನಗಳ ಚಿತ್ರಗಳನ್ನು ನೋಡಿದ್ದೇನೆ. ಅವೆಲ್ಲ ದತ್ತಿಕಾರ್ಯಕ್ಕಾಗಿ ನಡೆಯುತ್ತವೆಯಂತೆ. ಟಿಕೆಟ್ಟೇ ಇಲ್ಲದ ಪ್ರದರ್ಶನದಿಂದ ಹಣ ಹುಟ್ಟುವುದು ಹೇಗೆ?

ಉತ್ತರ: ಬೀದಿಯಲ್ಲಿ ನಿಂತು ನೋಡುವವರಿಂದ ಹಣ ಬರುವುದು ಕಡಿಮೆ. ಮೊದಲು ಹಣ ಕೊಡುವವರು ಪ್ರಾಯೋಜಕರು. ಒಂದೊಂದು ಪ್ರತಿಮೆಯನ್ನೂ ಒಂದು ಸಂಸ್ಥೆ ವಹಿಸಿಕೊಂಡು, ಅಚ್ಚು ಹೊಯ್ಯುವ, ಸಾಗಿಸುವ, ಕಲಾವಿದರಿಗೆ ಗೌರವಧನ ನೀಡುವ ವೆಚ್ಚವನ್ನು ಭರಿಸುತ್ತದೆ. ಕೆಲವು ವಾರಗಳೋ ತಿಂಗಳುಗಳೋ ಕಳೆದು ಪ್ರದರ್ಶನ ಮುಗಿದ ಮೇಲೆ ಪ್ರತಿಮೆಗಳು ಹರಾಜಿಗೆ ಬರುತ್ತವೆ. ದತ್ತಿಗೆ ಸಲ್ಲುವ ಹಣದ ದೊಡ್ಡ ಪಾಲು ಸಾಮಾನ್ಯವಾಗಿ ಅಲ್ಲಿಯದು.

ಈ ಬಗೆಯ ಪ್ರದರ್ಶನ ಜಗತ್ತಿನ ಗಮನ ಸೆಳೆದದ್ದು 1998ರಲ್ಲಿ, ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ. ವಾಲ್ಟರ್ ಕ್ನಾಪ್ ಅವರ ಕಲ್ಪನೆಗೆ ಶಿಲ್ಪಿ ಪಾಸ್ಕಲ್ ಕ್ನಾಪ್ ನಿಂತ, ಮೇಯುವ ಮತ್ತು ಮಲಗಿದ ಹಸುಗಳ ಮೂಲರೂಪಗಳನ್ನು ರಚಿಸಿಕೊಟ್ಟರು. ಅಲ್ಲಿ ಮುಂದೆ ನಿಂತವರು ನಗರದ ವ್ಯಾಪಾರಿಗಳು. ಪೇಟೆಗೆ ಜನರನ್ನು ಸೆಳೆಯುವುದು ಅವರ ಉದ್ದೇಶವಾಗಿತ್ತು. ಅದನ್ನು ಕಂಡು ಬಂದ ಷಿಕಾಗೊದ ವರ್ತಕ ಪೀಟರ್ ಹ್ಯಾನಿಗ್, ಆ ನಗರದ ಸಂಸ್ಕೃತಿ ಇಲಾಖೆಯ ಮುಖ್ಯಸ್ಥೆಯಾಗಿದ್ದ ಲೋಯಿಸ್ ವೈಸ್‌ಬರ್ಗ್ ಅವರ ನೆರವಿನಿಂದ 1999ರ ಬೇಸಿಗೆಯಲ್ಲಿ 300ಕ್ಕೂ ಹೆಚ್ಚು ಹಸುಗಳನ್ನು ಅಲ್ಲಿ ನಿಲ್ಲಿಸಿದರು. ಕೊನೆಯಲ್ಲಿ ನಡೆದ ಹರಾಜಿನಿಂದ 30 ಲಕ್ಷ ಡಾಲರ್‌ಗೂ ಮಿಕ್ಕಿದ ಹಣ ದತ್ತಿಕಾರ್ಯಗಳಿಗೆ ದೊರೆತ ಮೇಲೆ, ಇದೇ ಕ್ರಮವನ್ನು ಒಂದಾದ ಮೇಲೊಂದು ನಗರ ಅನುಸರಿಸಿತು.

ನನಗೆ ಇವುಗಳಲ್ಲಿ ಹೆಚ್ಚು ಅರ್ಥಪೂರ್ಣವೆನಿಸುವುದು ಆನೆಗಳ ಪ್ರದರ್ಶನ. 2006ರಲ್ಲಿ ನೆಲಬಾಂಬಿನಿಂದ ಕಾಲು ಕಳೆದುಕೊಂಡು ಥಾಯ್ಲೆಂಡಿನ ಲಾಂಪಾಂಗ್ ಬಳಿಯ ಆನೆ ಆಸ್ಪತ್ರೆ ಸೇರಿದ ಮೋಶಾ ಎಂಬ ಮರಿಯನ್ನು ಕಂಡು, ನೆದರ್ಲೆಂಡ್ಸ್‌ನ ಮಾರ್ಕ್ ಸ್ಪಿಟ್ಸ್ ಮತ್ತು ಮೈಕ್ ಸ್ಪಿಟ್ಸ್ ಎಂಬ ತಂದೆ-ಮಗ ಅದನ್ನು ಪ್ರಾರಂಭಿಸಿದರು. ಮೊದಲ ಪ್ರದರ್ಶನ 2007ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ನಡೆಯಿತು. 2010ರಲ್ಲಿ ಲಂಡನ್ನಿನಲ್ಲಿ ನಿಂತ ಸುಮಾರು 250 ಆನೆಗಳು ಏಷ್ಯಾದ ಆನೆಗಳ ರಕ್ಷಣೆಗೆಂದು 40 ಲಕ್ಷ ಪೌಂಡ್‌ನಷ್ಟು ಹಣ ತಂದವು. ಬೀದಿಯಲ್ಲಿ ಕಂಡ ಪ್ರಾಣಿಗೂ ಹಣ ಸೇರುವ ಪ್ರಾಣಿಗೂ ಇಲ್ಲಿ ನೇರವಾದ ನಂಟಿದೆ. ಯಾವುದೋ ಒಂದು ಪ್ರಾಣಿಯನ್ನು ಕೇವಲ ಅಲಂಕಾರಕ್ಕಾಗಿ ಆರಿಸಿಕೊಂಡ ಪ್ರದರ್ಶನಗಳಲ್ಲಿ ಆ ನಂಟು ಇರುವುದಿಲ್ಲ.

ಹರಾಜಿನ ಮೊತ್ತವೆಲ್ಲವೂ ದತ್ತಿಗೇ ಸಂದಿತೆಂದು ಮಾತ್ರ ಭಾವಿಸಬಾರದು. ಪ್ರಾಯೋಜಕರು ಕೊಟ್ಟದ್ದೆಷ್ಟು, ಖರ್ಚಾದದ್ದೆಷ್ಟು, ಕೊನೆಗೆ ಯಾರ ಕೈಗೆ ಎಷ್ಟು ತಲುಪಿತು ಎಂಬ ಲೆಕ್ಕವನ್ನು ಸಂಘಟಕರು ತಾವಾಗಿಯೇ ಪ್ರಕಟಿಸಬೇಕು. ಸಾರ್ವಜನಿಕರ ಬೀದಿಯನ್ನೂ ಸದ್ಭಾವವನ್ನೂ ಬಳಸಿಕೊಂಡವರು ತೀರಿಸಬೇಕಾದ ಋಣವಿದು.

ಪ್ರಶ್ನೆ: ಎಲ್ಲ ಪ್ರತಿಮೆಗಳೂ ಒಂದೇ ಅಚ್ಚಿನಿಂದ ಬಂದವು. ಅವುಗಳ ಮೇಲೆ ಬಣ್ಣ ಹಚ್ಚಿದ ಮಾತ್ರಕ್ಕೆ ಕಲೆಯಾಗುತ್ತದೆಯೇ?

ಉತ್ತರ: ಆಗುತ್ತದೆಂಬುದು ನನ್ನ ದೃಢವಾದ ನಂಬಿಕೆ. ಭಾಮಿನಿ ಷಟ್ಪದಿಯ ಕಟ್ಟು ಒಂದೇ ಆದರೂ ಅದರಲ್ಲಿ ಬರೆದವರ ಕಾವ್ಯಗಳೆಲ್ಲ ಒಂದೇ ಆಗಲಿಲ್ಲ. ರೂಪ ಬದಲಾಗದೆ ಉಳಿದಾಗಲೇ ಒಬ್ಬ ಕಲಾವಿದರ ಕಣ್ಣು ಇನ್ನೊಬ್ಬರದಕ್ಕಿಂತ ಎಷ್ಟು ಬೇರೆ ಎಂಬುದು ಸ್ಪಷ್ಟವಾಗುತ್ತದೆ. 2002ರಲ್ಲಿ ಬರ್ಲಿನ್ನಿನ ಬ್ರಾಂಡೆನ್‌ಬರ್ಗ್ ದ್ವಾರದ ಬಳಿ ಕೈಯೆತ್ತಿ ನಿಂತ ಕರಡಿಗಳ ವಲಯದಲ್ಲಿ ಒಂದೊಂದು ಕರಡಿಯೂ ಒಂದೊಂದು ದೇಶದ ಪ್ರತಿನಿಧಿಯಾಗಿತ್ತು. ಅವೆಲ್ಲ ಒಂದೇ ಆಕಾರದಲ್ಲಿ ಇದ್ದುದರಿಂದಲೇ ಯಾವ ದೇಶವೂ ಹೆಚ್ಚೆನಿಸಲಿಲ್ಲ, ಕಡಿಮೆಯೆನಿಸಲಿಲ್ಲ.

ಆದರೆ ಇಲ್ಲಿ ಕಲಾವಿದರ ಸ್ವಾತಂತ್ರ್ಯಕ್ಕೆ ಮಿತಿಯುಂಟು. ಸಲ್ಲಿಸಿದ ವಿನ್ಯಾಸವನ್ನು ಸಂಘಟಕರು ಒಪ್ಪಬೇಕು, ಪ್ರಾಯೋಜಕರು ಆರಿಸಬೇಕು. 2000ದಲ್ಲಿ ನ್ಯೂಯಾರ್ಕ್‌ನ ಹಸುಗಳ ಪ್ರದರ್ಶನಕ್ಕೆ ಚಿತ್ರನಿರ್ದೇಶಕ ಡೇವಿಡ್ ಲಿಂಚ್ ರಚಿಸಿದ, ಕತ್ತರಿಸಿದ ಮೈಯ ಹಸುವನ್ನು ಬೀದಿಯಲ್ಲಿ ನಿಲ್ಲಿಸಲು ಸಂಘಟಕರು ಒಪ್ಪಲಿಲ್ಲ. ಮಕ್ಕಳು ಓಡಾಡುವ ಜಾಗವೆಂಬ ಕಾರಣವನ್ನು ನಾನು ತಳ್ಳಿಹಾಕಲಾರೆ. ಹಾಗಿದ್ದರೂ ಕಣ್ಣಿಗೆ ಹಿತವಾದುದಕ್ಕೆ ಮಾತ್ರ ಎಡೆಯಿರುವ ಪ್ರದರ್ಶನದಲ್ಲಿ ಕಲೆ ಸ್ವಲ್ಪ ಬಡವಾಗುತ್ತದೆ. ದತ್ತಿಯ ಹೆಸರಿನಲ್ಲಿ ಕಲಾವಿದರನ್ನು ಪುಕ್ಕಟೆ ದುಡಿಸಿಕೊಳ್ಳುವುದೂ ಸಲ್ಲದು. ತಮ್ಮ ಗೌರವಧನವನ್ನು ಬಿಟ್ಟುಕೊಡುವ ಉದಾರತೆ ಅವರಿಗಿದ್ದರೆ, ಆ ನಿರ್ಧಾರ ಅವರದಾಗಿರಬೇಕು.

ಪ್ರಶ್ನೆ: ಬಿಸಿಲು ಮಳೆಗೆ ಬಣ್ಣ ನಿಲ್ಲುತ್ತದೆಯೇ? ಆಮೇಲೆ ಇವು ಕಸವಾಗುವುದಿಲ್ಲವೇ?

ಉತ್ತರ: ಪ್ರತಿಮೆಗಳ ಫೈಬರ್‌ಗ್ಲಾಸ್ (ಗಾಜಿನ ಎಳೆ ಸೇರಿಸಿ ಗಟ್ಟಿಗೊಳಿಸಿದ ಪ್ಲಾಸ್ಟಿಕ್) ಮೈಗೆ ಮೊದಲು ಪ್ರೈಮರ್ ಎಂಬ ತಳಲೇಪ, ಅದರ ಮೇಲೆ ಹೆಚ್ಚಾಗಿ ಅಕ್ರಿಲಿಕ್ ಬಣ್ಣ, ಕೊನೆಗೆ ವಾರ್ನಿಷ್ ಹಚ್ಚುವುದರಿಂದ ಒಂದು ಋತುವಿನ ಮಟ್ಟಿಗೆ ಬಣ್ಣಕ್ಕೆ ತೊಂದರೆಯಿಲ್ಲ. ಉರುಳದಂತೆ ಭಾರವಾದ ಪೀಠ ಬೇಕು. ಮಕ್ಕಳು ಏರುವುದನ್ನು ತಡೆಯಲಾಗದ ಕಾರಣ ದುರಸ್ತಿಗೆ ಜನ ಸಿದ್ಧರಿರಬೇಕು.

ನಿಮ್ಮ ಎರಡನೆಯ ಆತಂಕ ನ್ಯಾಯವಾದದ್ದು. ಫೈಬರ್‌ಗ್ಲಾಸ್ ಮಣ್ಣಿನಲ್ಲಿ ಕರಗುವುದಿಲ್ಲ, ಅದರ ಮರುಬಳಕೆಯೂ ಸುಲಭವಲ್ಲ. ಬೇರೆ ದಾರಿ ಇದೆ ಎಂಬುದನ್ನು ನೀಲಗಿರಿಯ ಬೆಟ್ಟಕುರುಂಬ, ಪಣಿಯ, ಕಾಟ್ಟುನಾಯಕ ಮತ್ತು ಸೋಲಿಗ ಸಮುದಾಯಗಳ ಕುಶಲಕರ್ಮಿಗಳು ತೋರಿಸಿದ್ದಾರೆ. ಕಾಡನ್ನು ಆಕ್ರಮಿಸಿರುವ ಲಂಟಾನ ಕಳೆಯ ಕಡ್ಡಿಗಳನ್ನು ಬಾಗಿಸಿ ಅವರು ಕಟ್ಟಿದ 100 ಆನೆಗಳು 2024ರಲ್ಲಿ ಅಮೆರಿಕದ ನಗರಗಳಲ್ಲಿ ಸಂಚಾರ ಆರಂಭಿಸಿದವು. ಅವುಗಳಿಗೆ ಬಣ್ಣದ ಹಂಗಿಲ್ಲ. ಅವುಗಳ ಮಾರಾಟದ ಹಣ ಮನುಷ್ಯ ಮತ್ತು ವನ್ಯಜೀವಿಗಳ ಸಹಬಾಳ್ವೆಯ ಕೆಲಸಕ್ಕೆ ಮೀಸಲು. ಕಳೆಯನ್ನು ಕಡಿದಷ್ಟೂ ನಿಜವಾದ ಆನೆಗಳಿಗೆ ಮೇಯಲು ಜಾಗ ತೆರವಾಗುತ್ತದೆ.