ಕೂಡಿಕೊಂಡಿರುವ ಈ ಎರಡು ನೊಣ ಯಾವ ಜಾತಿ? ಫೋಟೊ ನೋಡಿ ಹೇಳಬಹುದೆ?

ಕಟಪಾಡಿಯ ನಿಮ್ಮ ಮನೆಯ ಬಸಳೆ ಚಪ್ಪರದಲ್ಲಿ ಒಂದರ ಮೇಲೊಂದು ಕೂತಿದ್ದ ಬೂದು ನೊಣಗಳ ಮೂರು ಫೋಟೊ ಹಾಕಿ, ಇವು ಪರಾವಲಂಬಿಗಳೇ, ಯಾವ ಜಾತಿ ಎಂದು ಕೇಳಿದ್ದೀರಿ. ಪರಾವಲಂಬಿಗಳೇ, ಟ್ಯಾಕಿನಿಡೇ ಕುಟುಂಬದವು: ಇವುಗಳ ಮರಿ ಬೇರೆ ಹುಳಗಳ ಮೈಯೊಳಗೆ ಬೆಳೆಯುತ್ತವೆ. ಜಾತಿ ಮಾತ್ರ ಈ ಫೋಟೊಗಳಿಂದ ಹೇಳಲಾಗದು. ಯಾರಾದರೂ ಥಟ್ಟನೆ ಹೇಳಿದರೆ ನಂಬಲೂ ಬೇಡಿ.

ಮೀನು ಮಾರ್ಕೆಟ್ಟಿನಲ್ಲಿ ಮುತ್ತುವ ಮಾಂಸದ ನೊಣವೂ ಹೀಗೇ ಬೂದು, ಎದೆ ಮೇಲೆ ಕಪ್ಪು ಗೆರೆ, ಕೆಂಪು ಕಣ್ಣು. ಆದರೆ ಅದಕ್ಕೆ ಎದೆ ಮೇಲೆ ಮೂರು ಗೆರೆ, ಹೊಟ್ಟೆ ಮೇಲೆ ಚದುರಂಗದ ಮನೆಗಳು. ನಿಮ್ಮ ಎರಡನೇ ಫೋಟೊ ದೊಡ್ಡದು ಮಾಡಿ ನೋಡಿ: ಹೊಟ್ಟೆಯ ತುದಿಯಲ್ಲಿ ದಪ್ಪ ಬಿರುಗೂದಲು ನೆಟ್ಟಗೆ ನಿಂತಿವೆ. ಮೀಸೆಯಿಂದ ಹೊರಟ ಸಣ್ಣ ಎಳೆಯೂ ಬೋಳು. ಮಾಂಸದ ನೊಣದಲ್ಲಿ ಅದು ಸಾಮಾನ್ಯವಾಗಿ ಗರಿಯಂತಿರುತ್ತದೆ. ರೆಕ್ಕೆಗಳ ನಡುವೆ, ಬೆನ್ನಿನ ತ್ರಿಕೋನದ ಹಲಗೆಯ ಕೆಳಗೆ ಇನ್ನೊಂದು ಉಬ್ಬು ಇರಬೇಕು. ಟ್ಯಾಕಿನಿಡ್‌ಗೆ ಅದೇ ಗಟ್ಟಿ ಗುರುತು. ಅದು ಕಾಣುವುದು ಪಕ್ಕದಿಂದ ತೆಗೆದರೆ ಮಾತ್ರ. ನೀವು ತೆಗೆದದ್ದೆಲ್ಲ ಮೇಲಿನಿಂದ.

ನಿಮ್ಮ ನೊಣಕ್ಕೆ ನಾಲ್ಕು ಗೆರೆ ಇವೆ. ನಾಲ್ಕು ಗೆರೆ ಕಂಡ ಕೂಡಲೇ ಊಜಿ ಎನ್ನುವವರಿದ್ದಾರೆ. 1980ರಲ್ಲಿ ಪಶ್ಚಿಮ ಬಂಗಾಳದಿಂದ ಕರ್ನಾಟಕಕ್ಕೆ ಬಂದು ರೇಷ್ಮೆ ಬೆಳೆಗಾರರ ನಿದ್ದೆಗೆಡಿಸಿದ ನೊಣ ಅದು. ಆದರೆ ಅದರ ನೆಂಟರೂ ಇದೇ ವೇಷದಲ್ಲಿ ಓಡಾಡುತ್ತಾರೆ.

ಜೋಡಿ ಸಿಕ್ಕಿದ್ದು ಒಂದು ಲೆಕ್ಕದಲ್ಲಿ ಅದೃಷ್ಟ: ಗಂಡು ಹೆಣ್ಣು ಎರಡೂ ಒಂದೇ ಚಿತ್ರದಲ್ಲಿವೆ. ಮೇಲಿರುವುದು ಗಂಡು, ಅದರ ಕಣ್ಣುಗಳು ನೆತ್ತಿಯಲ್ಲಿ ಹತ್ತಿರ, ಕಾಲಿನ ಉಗುರು ಉದ್ದ. ಕೆಳಗಿನದರ ಹಣೆ ಅಗಲ. ಇನ್ನೊಂದು ಲೆಕ್ಕದಲ್ಲಿ ಪಜೀತಿ. ಈ ಕುಟುಂಬದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜಾತಿಗಳಿವೆ, ಅನೇಕವನ್ನು ಬೇರೆ ಮಾಡುವುದು ಗಂಡಿನ ಜನನಾಂಗದ ಆಕಾರದಿಂದ. ಕೂಡುವ ಹೊತ್ತಿನಲ್ಲಿ ಮರೆಯಾಗಿರುವುದು ಸರಿಯಾಗಿ ಅದೇ! ಮರೆಯಾಗದಿದ್ದರೂ ಮೊಬೈಲಿಗೆ ಎಟುಕುವಂಥದ್ದಲ್ಲ, ಮೈಕ್ರೊಸ್ಕೋಪ್ ಬೇಕು.

ಮತ್ತೆ ಸಿಕ್ಕರೆ ಪಕ್ಕದಿಂದ ಒಂದು, ಮುಖದ್ದು ಒಂದು, ರೆಕ್ಕೆಯ ನರಗಳು ಕಾಣುವಂತೆ ಒಂದು ತೆಗೆಯಿರಿ. ಬೆಳಿಗ್ಗೆ ಬಿಸಿಲೇರುವ ಮುಂಚೆ ಹೋದರೆ ಅಷ್ಟು ಬೇಗ ಹಾರುವುದಿಲ್ಲ. ಕುಲದವರೆಗೆ, ಅಂದರೆ ಜಾತಿಗಿಂತ ಒಂದು ಮೆಟ್ಟಿಲು ಮೇಲಿನವರೆಗೆ, ಹೋಗಲು ಅಷ್ಟು ಸಾಕಾಗಬಹುದು.

ನನ್ನನ್ನು ಕೇಳಿದರೆ, ನೊಣದ ಹಿಂದೆ ಓಡುವುದಕ್ಕಿಂತ ಹುಳ ಸಾಕುವುದು ಲೇಸು. ಬಸಳೆಯಲ್ಲೋ ಕರಿಬೇವಿನಲ್ಲೋ ಇರುವ ಹುಳದ ಮೈಮೇಲೆ ಅಕ್ಕಿನುಚ್ಚಿನಂಥ ಬಿಳಿ ಮೊಟ್ಟೆ ಅಂಟಿಕೊಂಡಿದ್ದರೆ, ಆ ಹುಳವನ್ನು ಅದೇ ಗಿಡದ ಎಲೆಯೊಂದಿಗೆ ಬಾಟಲಿಗೆ ಹಾಕಿ ಬಾಯಿಗೆ ತೆಳು ಬಟ್ಟೆ ಕಟ್ಟಿ. ಹುಳ ಸತ್ತು, ಒಳಗಿಂದ ನೊಣದ ಮರಿ ಹೊರಬಂದು ಕಂದು ಕೋಶವಾಗುತ್ತದೆ. ಮುಂದೆ ಅದರಿಂದ ನೊಣ. ಯಾವ ಹುಳದಿಂದ ಬಂತು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಬಂದ ನೊಣವನ್ನೂ ಖಾಲಿ ಕೋಶವನ್ನೂ ಒಟ್ಟಿಗೆ ಇಟ್ಟು, ದಿನಾಂಕ, ಊರು, ಗಿಡದ ಹೆಸರು ಬರೆದಿಡಿ. ಬೆಂಗಳೂರು ಹೆಬ್ಬಾಳದ ಎನ್‌ಬಿಎಐಆರ್‌ನಂಥ (ಕೃಷಿ ಕೀಟಗಳ ರಾಷ್ಟ್ರೀಯ ಸಂಸ್ಥೆ) ಕಡೆ ತೋರಿಸುವುದಾದರೆ ಮೊದಲು ಕೇಳುವುದು ಅದನ್ನೇ.