ದೇವರ ರಾಜ್ಯ ಈಗಾಗಲೇ ಬಂದಿದೆಯೇ, ಇನ್ನು ಬರಬೇಕೇ?

ಕ್ರೈಸ್ತ ನಂಬಿಕೆಯಲ್ಲಿ ಎರಡೂ ನಿಜ. ದೇವರ ರಾಜ್ಯವೆಂದರೆ ಗಡಿ, ರಾಜಧಾನಿಗಳಿರುವ ನಾಡಲ್ಲ, ಸತ್ತ ಮೇಲೆ ಸೇರುವ ಸ್ವರ್ಗ ಮಾತ್ರವೂ ಅಲ್ಲ. ಅದು ದೇವರ ಚಿತ್ತ ನೆರವೇರುವ ಆಳ್ವಿಕೆ.

ಯೇಸು ರೋಗಿಗಳನ್ನು ಗುಣಪಡಿಸಿದ್ದು, ಜನ ದೂರವಿಟ್ಟಿದ್ದ ಸುಂಕದವರ ಜೊತೆ ಕೂತು ಉಂಡದ್ದು, ಪಾಪಗಳನ್ನು ಕ್ಷಮಿಸಿದ್ದು, ಇವೆಲ್ಲ ಆ ಆಳ್ವಿಕೆ ಶುರುವಾದ ಗುರುತುಗಳು. ಅದು ಯಾವಾಗ ಬರುತ್ತದೆಂದು ಫರಿಸಾಯರು ಎಂಬ ಯೆಹೂದಿ ಧಾರ್ಮಿಕ ಪಂಗಡದವರು ಕೇಳಿದಾಗ, ನಿಮ್ಮ ನಡುವೆಯೇ ಇದೆ ಎಂದು ಆತ ಉತ್ತರಿಸಿದ್ದು ಬೈಬಲಿನ ಲೂಕನ ಸುವಾರ್ತೆಯ 17ನೇ ಅಧ್ಯಾಯದಲ್ಲಿದೆ. ಆದರೂ ‘ನಿನ್ನ ರಾಜ್ಯವು ಬರಲಿ’ ಎಂದು ಪ್ರಾರ್ಥಿಸಲು ಶಿಷ್ಯರಿಗೆ ಕಲಿಸಿದವನೂ ಆತನೇ. ಅನ್ಯಾಯ, ನೋವು, ಸಾವು ಇನ್ನೂ ಅಳಿದಿಲ್ಲವಲ್ಲ! ಕ್ರಿಸ್ತನು ಮರಳಿ ಬಂದಾಗ ಆ ಆಳ್ವಿಕೆ ಪೂರ್ಣಗೊಳ್ಳುತ್ತದೆ ಎಂಬುದು ವಿಶ್ವಾಸಿಗಳ ನಿರೀಕ್ಷೆ. ಅಲ್ಲಿಯವರೆಗೆ ಸುಮ್ಮನೆ ಕಾಯುವುದಲ್ಲ; ಕ್ಷಮಿಸುತ್ತ, ಬಡವರ ಪರ ನಿಲ್ಲುತ್ತ, ಈಗಲೇ ಅದರ ಪ್ರಜೆಗಳಾಗಿ ಬದುಕಬೇಕು.